ಮನೆಸದ್ದಿನ ಪರೀಕ್ಷೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕಥೆ ಹೇಳುವಷ್ಟು ಓದಿದವಳಲ್ಲ ನಾನು. ಓದಿದ್ದೆಲ್ಲ ಸಂಜೆ ತರಗತಿಯಲ್ಲಿ, ಹಗಲಿಡೀ ದುಡಿದು ಬಂದು, ತೂಕಡಿಸುತ್ತಾ. ಅದೂ ಸಾಹಿತ್ಯವಲ್ಲ, ಕಂಪ್ಯೂಟರು. ಈಗ ಹೇಳಹೊರಟಿರುವುದೋ, ಒಂದು ಪ್ರೋಗ್ರಾಮಿನೊಳಗೆ ಎರಡು ವಸ್ತುಗಳು ಸಮವೋ ಅಲ್ಲವೋ ಎಂದು ನೋಡುವ ಪರೀಕ್ಷೆಯ ವಿಚಾರ. ಇದನ್ನು ಕೇಳಿ ಯಾರಿಗೆ ಏನಾಗಬೇಕು ಎಂದು ಎಷ್ಟೋ ಸಲ ಬರೆಯುವುದನ್ನು ಬಿಟ್ಟು ಎದ್ದಿದ್ದೇನೆ. ಆದರೆ ಅದರಲ್ಲಿ ಅಮ್ಮನ ಕಿವಿಯ ಮಾತು ಸೇರಿಕೊಂಡಿದೆ, ಹಾಗಾಗಿ ಸುಮ್ಮನಿರಲೂ ಆಗುತ್ತಿಲ್ಲ. ಹೆಚ್ಚುಕಡಿಮೆ ಆದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಮೊದಲು ಕೆಲಸಕ್ಕೆ ಸೇರಿದ್ದು ಕಿವಿಯಂತ್ರದ ಅಂಗಡಿಗೆ. ಕಿವಿ ಮಂದವಾದವರು ಹಾಕಿಕೊಳ್ಳುವ ಪುಟ್ಟ ಯಂತ್ರ ಇರುತ್ತದಲ್ಲ, ಅದನ್ನು ಅವರವರ ಕಿವಿಗೆ ಹೊಂದಿಸಿ ಕೊಡುವ ಅಂಗಡಿ. ಮುಂದೆ ಗಾಜಿನ ಬಾಗಿಲು, ಬೆಂಚು, ಗೋಡೆಗೆ ಕಿವಿಯ ಒಳಭಾಗದ ದೊಡ್ಡ ಚಿತ್ರ. ಹಿಂದೆ ಗೋಡೆಗೆಲ್ಲ ಸ್ಪಂಜು ಬಡಿದ ಸದ್ದಿಲ್ಲದ ಕೋಣೆ. ನನ್ನ ಕೆಲಸ ಮುಂದಿನ ಮೇಜಿನಲ್ಲಿ ಕೂತು, ರಿಪೇರಿಗೆ ಬಂದ ಯಂತ್ರಗಳ ಮೇಣ ತೆಗೆದು ಒರೆಸಿಡುವುದು. ಬಂದವರ ಹತ್ತಿರ ಕೂಗಿ ಮಾತಾಡಿ ಮಾತಾಡಿ ನನ್ನ ದನಿ ಮನೆಯಲ್ಲೂ ಇಳಿಯುತ್ತಿರಲಿಲ್ಲ. "ಅಂಗಡಿ ಮುಚ್ಚಿ ಬಾರೇ ಮನೆಗೆ," ಅನ್ನುತ್ತಿದ್ದ ಅಪ್ಪ.

ಹಿಂದಿನ ಕೋಣೆಯಲ್ಲಿ ಯಂತ್ರ ಹೊಂದಿಸುತ್ತಿದ್ದವರನ್ನು ಊರೆಲ್ಲ ಕಿವಿಯಣ್ಣ ಎನ್ನುತ್ತಿತ್ತು. ಅವರದೊಂದು ಪದ್ಧತಿ ಇತ್ತು. ಬೇರೆ ಅಂಗಡಿಗಳಲ್ಲಿ ಯಂತ್ರದ ಪಟ್ಟಿ ಹೇಳಿದ ಹಾಗೆ ಸ್ವರ ಏರಿಸಿ ಇಳಿಸಿ ಕಳಿಸುತ್ತಿದ್ದರು. ಕಿವಿಯಣ್ಣ ಅದಷ್ಟೂ ಮುಗಿದ ಮೇಲೆ ಹೇಳುವರು: "ನಾಳೆ ಮನೆಯಿಂದ ಒಂದು ಸದ್ದು ತಗೊಂಡು ಬನ್ನಿ."

"ಎಂಥ ಸದ್ದು?"

"ಯಾವುದು ಕೇಳದೆ ನಿಮಗೆ ಮನೆ ಮನೆ ಅನ್ನಿಸ್ತಿಲ್ವೋ, ಅದು."

ಮಾರನೆಯ ದಿನ ಜನ ಸದ್ದು ಹಿಡಿದುಕೊಂಡು ಬರುತ್ತಿದ್ದರು. ಒಬ್ಬರು ಬೀಗದ ಕೈ ಗೊಂಚಲು ತಂದರು. ಒಬ್ಬ ದರ್ಜಿ ಹೊಲಿಗೆ ಯಂತ್ರವನ್ನೇ ಹೊತ್ತು ತಂದ. ಒಬ್ಬ ಅಜ್ಜಿ ಮೊಮ್ಮಗಳನ್ನು ಕರೆತಂದು, "ಇದು ಗುಸುಗುಸು ಅನ್ನೋದು ಕೇಳಿಸ್ಬೇಕು. ನನ್ನ ಬಗ್ಗೆ ಏನು ಹೇಳುತ್ತೆ ತಿಳ್ಕೋಬೇಕು," ಎಂದಳು. ನಾಯಿ ತಂದವರೂ ಉಂಟು. ಅದು ಅಂಗಡಿಯಲ್ಲಿ ಬೊಗಳಲೇ ಇಲ್ಲ, ಮೂರು ಸಂಜೆ ಬಂದು ಹೋಯಿತು. ಕಿವಿಯಣ್ಣ ಬಂದವರ ಬೆನ್ನ ಹಿಂದೆ ನಿಂತು ಆ ಸದ್ದು ಮಾಡಿಸುವರು. ಕೇಳಿಸಿದರೆ ಕೈ ಎತ್ತಬೇಕು. ಕೈ ಏಳುವ ತನಕ ಸ್ವರಗಳನ್ನು ಎಳೆಎಳೆಯಾಗಿ ತಿರುಗಿಸುವರು. ಕೊನೆಗೆ ನಿಂತ ಅಂಕಿಗಳನ್ನು ಕಂಪ್ಯೂಟರಿನಲ್ಲಿ ಆ ಮನುಷ್ಯನ ಹೆಸರಿನ ಕೆಳಗೆ ಹಾಕುವರು. ಆ ಜಾಗಕ್ಕೆ "ಮನೆಸದ್ದು" ಎಂದೇ ಹೆಸರು.

ಅಮ್ಮನ ಕಿವಿ ಮಂದವಾದಾಗ ನಾನೇ ಅವಳನ್ನು ಕರೆದುಕೊಂಡು ಹೋದೆ. ಅಪ್ಪನೂ ಬಂದ. ಅಪ್ಪ ಮನೆಗಳಿಗೆ ಬಣ್ಣ ಬಳಿಯುವವನು, ಉಗುರಿನ ಸಂದಿಯಲ್ಲಿ ಯಾವಾಗಲೂ ಯಾರದೋ ಮನೆಯ ಬಣ್ಣ. ಸದ್ದು ತರಬೇಕು ಎನ್ನುವುದು ಇಬ್ಬರಿಗೂ ಮರೆತೇಹೋಗಿತ್ತು.

"ಏನೂ ತಂದಿಲ್ವಾ?" ಕಿವಿಯಣ್ಣ ಕೇಳಿದರು.

"ಇವರನ್ನು ತಂದಿದ್ದೀನಲ್ಲ, ಸಾಲದಾ?" ಅಂದಳು ಅಮ್ಮ.

"ಇವರೇನು ಸದ್ದು ಮಾಡ್ತಾರೆ?"

"ಮಾತಂತೂ ಆಡಲ್ಲ. ಕೆಮ್ತಾರೆ."

ನಿಜವೇ. ಗೋಡೆ ಕೆರೆದು ಕೆರೆದು ಅಪ್ಪನ ಗಂಟಲಲ್ಲಿ ಧೂಳು ಮನೆಮಾಡಿತ್ತು. ಕೆಲಸ ಮುಗಿಸಿ ಬಂದವನು ಮೆಟ್ಟಿಲು ಹತ್ತಿ, ಬಾಗಿಲು ತಟ್ಟುವ ಬದಲು ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಮೊದಲು ಸಣ್ಣದು, ಆಮೇಲೆ ಒಂದು ದೊಡ್ಡದು. ಅಷ್ಟಕ್ಕೇ ಅಮ್ಮ ಒಳಗಿನಿಂದ ಬಂದು ಚಿಲಕ ತೆಗೆಯುತ್ತಿದ್ದಳು. ಕಿವಿ ಮಂದವಾದ ಮೇಲೆ ಅಪ್ಪ ಹೊರಗೆ ನಿಂತೇ ಇರುತ್ತಿದ್ದ. ತಟ್ಟುವುದು ಅವನಿಗೆ ಒಗ್ಗದ ವಿದ್ಯೆ.

"ಕೆಮ್ಮಿ ಯಜಮಾನ್ರೇ," ಅಂದರು ಕಿವಿಯಣ್ಣ.

ಕೆಮ್ಮು ಎಂದಾಗ ಕೆಮ್ಮು ಬರುತ್ತದೆಯೇ? ಅಪ್ಪ ನಾಚಿಕೊಂಡು ನಿಂತ. ಕಿವಿಯಣ್ಣ ಅವನನ್ನು ಹೊರಗೆ ಕಳಿಸಿ, "ಬೀದಿ ತುದಿಗೆ ಹೋಗಿ, ನಡ್ಕೊಂಡು ಬಂದು ಬಾಗಿಲ ಹತ್ರ ನಿಲ್ಲಿ. ಅದಾಗೇ ಬರುತ್ತೆ," ಅಂದರು. ಬಂತು. ಅಮ್ಮ ಕೈ ಎತ್ತಿದಾಗ ಅವಳ ಮುಖ ನೋಡಬೇಕಿತ್ತು. ಆದರೆ ಬಾಯಿಂದ ಬಂದದ್ದು, "ಅಯ್ಯೋ, ಮತ್ತೆ ಶುರುವಾಯ್ತಾ ಇದು!"

ಸಂಜೆ ತರಗತಿಗೆ ನಾನು ಸೇರಿದ್ದು ಆ ವರ್ಷವೇ. ಕಿವಿಯಣ್ಣ ಕಂಪ್ಯೂಟರಿನಲ್ಲಿ ಅಂಕಿ ಹಾಕುವುದನ್ನು ನೋಡಿ ನೋಡಿ, ಒಳಗೆ ಅದು ಎಲ್ಲಿ ಹೋಗಿ ಕೂರುತ್ತದೆ ಎಂಬ ಕುತೂಹಲ ಹತ್ತಿತ್ತು. ಉದ್ದನೆಯ ಕೋಣೆ, ಮಿಣುಕುವ ಟ್ಯೂಬ್‌ಲೈಟು. ಪಕ್ಕದ ಬೆಂಚಿನ ಬಸ್ ಕಂಡಕ್ಟರು ನಿದ್ದೆಯಲ್ಲಿ "ಮುಂದೆ ಹೋಗಿ" ಎಂದು ಗೊಣಗಿ ತರಗತಿಯನ್ನೆಲ್ಲ ನಗಿಸುತ್ತಿದ್ದರು. ಮೇಷ್ಟ್ರು ಜಾವಾ ಎನ್ನುವ ಪ್ರೋಗ್ರಾಮಿನ ಭಾಷೆ ಹೇಳಿಕೊಡುತ್ತಿದ್ದರು. ಒಂದು ಸಂಜೆ ಎರಡು ಸ್ಟೀಲ್ ಲೋಟ ತಂದು ಮೇಜಿನ ಮೇಲಿಟ್ಟರು.

"ಇವೆರಡೂ ಸಮವಾ?"

"ಸಮ ಸಾರ್."

"ಒಂದೇನಾ?"

ಮೇಷ್ಟ್ರು ಒಂದಕ್ಕೆ ನೀರು ಸುರಿದರು. "ಇನ್ನೊಂದು ತುಂಬ್ತಾ? ಇಲ್ಲ ತಾನೇ? ಹಾಗಾದ್ರೆ ಸಮ, ಆದ್ರೆ ಒಂದೇ ಅಲ್ಲ. ಇದಕ್ಕೆ ಸುರಿದ ನೀರು ಅದರಲ್ಲೂ ಕಾಣಿಸಿಕೊಂಡ್ರೆ, ನೀವು ಕಾಪಿ ಮಾಡಿಲ್ಲ, ಒಂದೇ ಲೋಟಕ್ಕೆ ಎರಡು ಹೆಸರಿಟ್ಟಿದ್ದೀರಿ ಅಂತ ಅರ್ಥ."

ಕಂಡಕ್ಟರು ಎಚ್ಚರವಾಗಿ, "ನೀರು ಕುಡೀಬಹುದಾ ಸಾರ್?" ಅಂದರು. ಆ ನಗು ಇವತ್ತೂ ನನ್ನ ಕಿವಿಯಲ್ಲಿದೆ. ಲೋಟದ ಮಾತು ಮಾತ್ರ ಆಗ ಅರ್ಧವಷ್ಟೇ ತಲೆಗೆ ಹೋಗಿತ್ತು.

ಪಾಸಾದ ಮೇಲೆ ನನ್ನನ್ನು ಅಂಗಡಿಯ ಮಹಡಿಗೆ ಹಾಕಿದರು. ಅಲ್ಲಿ ಅಂಗಡಿಯ ಪ್ರೋಗ್ರಾಮು ಬರೆಯುವ ಚಿಕ್ಕ ಕಚೇರಿ ಇತ್ತು. ನನಗೆ ಸಿಕ್ಕಿದ್ದು ಟೆಸ್ಟ್ ಬರೆಯುವ ಕೆಲಸ. ಬೇರೆಯವರು ಬರೆದದ್ದು ಸರಿಯಿದೆಯೇ ಎಂದು ನೋಡುವ ಪುಟ್ಟಪುಟ್ಟ ಪರೀಕ್ಷೆಗಳು. ಸರಿ ಇದ್ದರೆ ಪರದೆಯ ಮೇಲೆ ಹಸಿರು ಗೆರೆ, ತಪ್ಪಿದ್ದರೆ ಕೆಂಪು. ಮನೆಯಿಂದ ಹೊರಟ ಮೇಲೂ ಒಲೆ ಆರಿಸಿದೆನೋ ಇಲ್ಲವೋ ಎಂದು ಹಿಂದಿರುಗಿ ನೋಡುವ ನನ್ನಂಥವಳಿಗೆ ಹೇಳಿ ಮಾಡಿಸಿದ ಕೆಲಸ.

ಅಲ್ಲಿನ ಮುಖ್ಯಸ್ಥರು ನನಗಿಂತ ಎಷ್ಟೋ ಚಿಕ್ಕವರು, ದೊಡ್ಡ ಕಾಲೇಜಿನಲ್ಲಿ ಓದಿದವರು. ನಾನು ಅವರಿಗೆ ಸರ್ ಅನ್ನುತ್ತಿದ್ದೆ, ಅವರು ನನಗೆ ಅಕ್ಕ ಅನ್ನುತ್ತಿದ್ದರು. ಹಸಿರು ಗೆರೆ ಕಂಡರೆ ಕುರ್ಚಿಯಲ್ಲೇ ಒಂದು ಸುತ್ತು ತಿರುಗುವರು. ಅದಕ್ಕೇ ಎಲ್ಲರೂ ಬೆನ್ನ ಹಿಂದೆ ಹಸಿರು ಸಾಹೇಬ ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ. ಆತುರ ಜಾಸ್ತಿ.

ಅಷ್ಟರಲ್ಲಿ ಅಪ್ಪ ಹೋಗಿಬಿಟ್ಟಿದ್ದ. ಕಿವಿಯಣ್ಣನೂ ವಯಸ್ಸಾಗಿ ಮನೆ ಸೇರಿದ್ದರು. ಮನೆಸದ್ದಿನ ಪದ್ಧತಿ ಅವರ ಜೊತೆಗೇ ನಿಂತಿತ್ತು. ಹಳೆಯ ಪ್ರೋಗ್ರಾಮು ತೆಗೆದು ಹೊಸದು ತರುವುದೆಂದು ತೀರ್ಮಾನವಾಯಿತು.

ಇಲ್ಲಿ ಸ್ವಲ್ಪ ವಿವರಿಸಬೇಕು, ಬೇಸರ ಮಾಡಿಕೊಳ್ಳಬೇಡಿ. ಪ್ರೋಗ್ರಾಮಿನೊಳಗೆ ಒಬ್ಬೊಬ್ಬ ಗಿರಾಕಿಗೂ ಒಂದೊಂದು ಆಬ್ಜೆಕ್ಟ್ ಇರುತ್ತದೆ. ಒಂದು ಡಬ್ಬಿ ಅಂದುಕೊಳ್ಳಿ. ಅದರಲ್ಲಿ ಹೆಸರು, ವಯಸ್ಸು, ಎಡಗಿವಿಯ ಅಂಕಿಗಳು, ಬಲಗಿವಿಯ ಅಂಕಿಗಳು, ಮನೆಸದ್ದು. ಕಂಪ್ಯೂಟರು ಆರಿಸಿದರೆ ಡಬ್ಬಿ ಕರಗಿಹೋಗುತ್ತದೆ. ಆದ್ದರಿಂದ ಅದನ್ನು ಬಿಡಿಸಿ ಸಾಲಾಗಿ ಫೈಲಿಗೆ ಬರೆದಿಡಬೇಕು, ಬೇಕಾದಾಗ ಓದಿ ಮತ್ತೆ ಡಬ್ಬಿ ಕಟ್ಟಬೇಕು. ಇದಕ್ಕೆ ಸೀರಿಯಲೈಸೇಷನ್ ಎನ್ನುತ್ತಾರೆ. ನನ್ನ ಟೆಸ್ಟ್ ಇಷ್ಟೇ: ಹಳೆಯ ಡಬ್ಬಿಯನ್ನು ಹೊಸ ಪ್ರೋಗ್ರಾಮಿನಲ್ಲಿ ಬರೆದು, ಓದಿ, ಮೊದಲಿನದಕ್ಕೂ ಓದಿ ಬಂದದ್ದಕ್ಕೂ "ನೀವಿಬ್ಬರೂ ಸಮವೇ?" ಎಂದು ಕೇಳುವುದು. ಎಲ್ಲ ಗಿರಾಕಿಗಳಿಗೂ ಸಮ ಎಂದೇ ಉತ್ತರ ಬಂತು. ಹಸಿರು. ಸಾಹೇಬರು ಕುರ್ಚಿಯಲ್ಲಿ ಒಂದು ಸುತ್ತು ತಿರುಗಿದರು. ಹಳೆಯ ಕಂಪ್ಯೂಟರನ್ನು ಆ ವಾರದ ಕೊನೆಗೆ ಅಳಿಸಿ ಕೊಟ್ಟುಬಿಡುವುದು ಎಂದಾಯಿತು.

ಆ ವಾರವೇ ಅಮ್ಮನ ಯಂತ್ರ ಬಟ್ಟೆ ನೆನೆಸಿದ ಬಕೆಟ್ಟಿಗೆ ಬಿದ್ದು ಸತ್ತುಹೋಯಿತು. ಅಂಗಡಿಯವರು ಹೊಸ ಯಂತ್ರಕ್ಕೆ ಹೊಸ ಪ್ರೋಗ್ರಾಮಿನಿಂದಲೇ ಅವಳ ಅಂಕಿಗಳನ್ನು ತುಂಬಿ ಕೊಟ್ಟರು.

ಮಾರನೆಯ ಬೆಳಿಗ್ಗೆ ಅಮ್ಮ ಬಟ್ಟೆ ಮಡಿಸುತ್ತಾ, "ಇದು ಸರಿಯಿಲ್ಲ ಕಣೇ," ಅಂದಳು.

"ಮಾತು ಕೇಳಿಸ್ತಿಲ್ವಾ?"

"ನಿನ್ನ ಮಾತು ಗುಡಿಸಿಟ್ಟ ಹಾಗೆ ಕೇಳುತ್ತೆ. ಮನೇನೇ ಕೇಳಿಸ್ತಿಲ್ಲ."

"ಹಾಗಂದ್ರೆ?"

"ಮೆಟ್ಟಿಲ ಮೇಲೆ ಯಾರೋ ಬಂದ್ರೆ ಗೊತ್ತಾಗ್ತಿತ್ತು. ಮೇಲಿನ ಮನೆಯವನು ಗಂಟಲು ಕೆರೆದ್ರೆ ಒಂದು ಗಳಿಗೆ ತಿರುಗಿ ನೋಡ್ತಿದ್ದೆ. ನಿಮ್ಮಪ್ಪ ಅಲ್ಲ ಅಂತ ಗೊತ್ತು, ಆದ್ರೂ ತಿರುಗ್ತಿದ್ದೆ. ನಿನ್ನೆಯಿಂದ ತಿರುಗೋದೇ ಇಲ್ಲ." ಮಡಿಸಿದ್ದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸಿದಳು. "ಇರೋವಾಗ ಆ ಕೆಮ್ಮು ಕೇಳಿ ತಲೆ ಚಿಟ್ಟು ಹಿಡೀತಿತ್ತು. ಹೋಗ್ಲಿ ಬಿಡು."

ಬಿಡಲು ನನಗೆ ಆಗಲಿಲ್ಲ. ಕಚೇರಿಗೆ ಹೋದವಳೇ, "ಸಮವೇ?" ಎಂಬ ಪ್ರಶ್ನೆಗೆ ಡಬ್ಬಿ ಹೇಗೆ ಉತ್ತರಿಸುತ್ತದೆ ಎಂದು ತೆರೆದು ನೋಡಿದೆ. ಹೆಸರು ಹೋಲಿಸುತ್ತಿತ್ತು, ವಯಸ್ಸು ಹೋಲಿಸುತ್ತಿತ್ತು, ಎರಡು ಕಿವಿಯ ಅಂಕಿಗಳನ್ನೂ ಹೋಲಿಸುತ್ತಿತ್ತು. ಮನೆಸದ್ದನ್ನು ಮುಟ್ಟುತ್ತಲೇ ಇರಲಿಲ್ಲ. ಹಿಂದೆ ಬರೆದವರು ಬೇಕೆಂದೇ ಬಿಟ್ಟಿದ್ದರು. ಕಿವಿಯಣ್ಣ ಅದನ್ನು ಮೇಲಿಂದ ಮೇಲೆ ಬದಲಿಸುತ್ತಿದ್ದುದರಿಂದ, ಒಬ್ಬನೇ ಗಿರಾಕಿ ಇಬ್ಬರಾಗಿ ಕಾಣಬಾರದೆಂದು. ಅದೇ ಕಾರಣಕ್ಕೆ ಡಬ್ಬಿಯನ್ನು ಬರೆಯುವಾಗ ಮನೆಸದ್ದನ್ನು ಬಿಟ್ಟು, ಅದನ್ನು ಬೇರೆಯದೇ ಫೈಲಿನಲ್ಲಿ ಇಡುತ್ತಿದ್ದರು. ಆ ಇನ್ನೊಂದು ಫೈಲಿನ ಸುದ್ದಿ ಹೊಸ ಪ್ರೋಗ್ರಾಮಿಗೆ ಯಾರೂ ಹೇಳಿರಲಿಲ್ಲ. ಮನೆಸದ್ದು ಕಳೆದುಹೋಗಿದ್ದರೂ ಎರಡು ಡಬ್ಬಿಗಳೂ ಸಮ ಎಂದೇ ಹೇಳುತ್ತಿದ್ದವು. ಎಲ್ಲರ ಮನೆಸದ್ದೂ ಉಳಿದಿದ್ದದ್ದು ಹಳೆಯ ಕಂಪ್ಯೂಟರಿನಲ್ಲಿ ಮಾತ್ರ. ಅದು ಅಳಿಯುವ ಮುಂಚೆ ತೆಗೆಯಬೇಕಿತ್ತು.

ಒಂದೊಂದೇ ಅಂಶವನ್ನು ಬಿಡಿಬಿಡಿಯಾಗಿ ಹೋಲಿಸುವ ಹೊಸ ಟೆಸ್ಟ್ ಬರೆದೆ. ಕೆಂಪು. ಪರದೆ ತುಂಬಾ ಕೆಂಪು.

ಸಾಹೇಬರ ಹತ್ತಿರ ಹೋಗುವ ಮುಂಚೆ ನನಗೊಂದು ಅಳುಕು. ಇದನ್ನು ಹೇಳುತ್ತಿರುವುದು ಕೆಲಸದ ಮೇಲಿನ ನಿಷ್ಠೆಯಿಂದಲೋ, ನಮ್ಮಮ್ಮನಿಗಾಗಿಯೋ? ಸ್ವಂತದ ಕೆಲಸಕ್ಕೆ ಕಚೇರಿಯನ್ನು ನಿಲ್ಲಿಸಿದ ಹಾಗಾಗುವುದಿಲ್ಲವೇ? ನೀರು ಕುಡಿದೆ. ಹೋದೆ.

"ಅಕ್ಕ, ಹಸಿರಿದ್ದದ್ದನ್ನ ಕೆಂಪು ಮಾಡೋಕೆ ನಿಮಗೆ ಸಂಬಳ ಕೊಡ್ತಿದ್ದೀವಾ?" ಎಂದು ನಕ್ಕರು.

"ಮನೆಸದ್ದು ಹೋಗ್ತಿದೆ ಸರ್."

"ಅದು ಯಾವ ಕಾಲದ್ದು? ಒಬ್ಬರು ಚಮಚ ತರ್ತಿದ್ರಂತೆ, ಒಬ್ಬರು ನಾಯಿ ತರ್ತಿದ್ರಂತೆ. ಹೊಸ ಯಂತ್ರ ಅದನ್ನೆಲ್ಲ ತಾನೇ ನೋಡ್ಕೊಳ್ಳುತ್ತೆ. ಅದಿದ್ರೂ ಒಂದೇ, ಇಲ್ಲದಿದ್ರೂ ಒಂದೇ."

"ಒಂದೇ ಅಲ್ಲ ಸರ್."

"ಸರಿ ಬನ್ನಿ, ತೋರಿಸ್ತೀನಿ. ಹಳೇ ಪ್ರೋಗ್ರಾಮಲ್ಲಿ ಯಾರದಾದ್ರೂ ಒಂದು ತೆಗೀರಿ."

ಗಿರಾಕಿಗಳ ವಿವರವನ್ನು ಅವರನ್ನು ಕೇಳದೆ ತೆರೆಯಬಾರದೆಂದು ಅಂಗಡಿಯ ನಿಯಮ. ಪರರ ಕಿವಿ ನಾನು ಹೇಗೆ ತೆಗೆಯಲಿ? ಕೇಳಿದರೆ ಬೇಡ ಎನ್ನದ ಒಬ್ಬಳೇ ಗಿರಾಕಿ ನನಗೆ ಗೊತ್ತಿದ್ದದ್ದು. ಕೆಳಗೆ ಹೋಗಿ ಅಮ್ಮನಿಗೆ ಫೋನು ಮಾಡಿ ಕೇಳಿದೆ. "ನನ್ನ ಕಿವೀಲಿ ಚಿನ್ನ ಇದೆಯಾ? ನೋಡ್ಕೊಳ್ಳಿ," ಅಂದಳು. ಅಮ್ಮನ ಡಬ್ಬಿ ತೆರೆದುಕೊಟ್ಟೆ.

ಸಾಹೇಬರು ಅದರ ಕಾಪಿ ಮಾಡಿದರು. "ನೋಡಿ, ಇದು ಕಾಪಿ. ಮೂಲ ಅಲ್ಲೇ ಭದ್ರವಾಗಿದೆ. ಈಗ ಕಾಪಿಯ ಮನೆಸದ್ದನ್ನ ಖಾಲಿ ಮಾಡ್ತೀನಿ. ಉಳಿದ ಅಂಕಿ ಒಂದಾದ್ರೂ ಅಲುಗಿತಾ? ಇಲ್ಲ ತಾನೇ? ಇಷ್ಟೇ ಅಕ್ಕ ವಿಷಯ. ಕಾಪಿನ ಸೇವ್ ಕೂಡ ಮಾಡಲ್ಲ, ಹೆದರಬೇಡಿ." ಹಳೆಯ ಪ್ರೋಗ್ರಾಮನ್ನು ಮುಚ್ಚಿದರು. ಅದು ಮುಚ್ಚುವಾಗ ತನ್ನಷ್ಟಕ್ಕೆ ತಾನೇ ಮೂಲಗಳನ್ನೆಲ್ಲ ಬರೆದಿಡುವಂಥದ್ದು.

ಎರಡು ಸ್ಟೀಲ್ ಲೋಟ ಕಣ್ಣ ಮುಂದೆ ಬಂದವು.

"ಸರ್, ಇನ್ನೊಮ್ಮೆ ತೆಗೀರಿ."

ತೆಗೆದರು. ಮೂಲದಲ್ಲೂ ಅಮ್ಮನ ಮನೆಸದ್ದು ಖಾಲಿ.

ಕಾಪಿ ಆಗಿದ್ದದ್ದು ಹೊರಗಿನ ಡಬ್ಬಿ ಮಾತ್ರ. ಒಳಗಿನ ಮನೆಸದ್ದಿನ ಅಂಕಿಗಳನ್ನು ಎರಡು ಡಬ್ಬಿಗಳೂ ಹಂಚಿಕೊಂಡಿದ್ದವು. ಒಂದೇ ಲೋಟ, ಎರಡು ಹೆಸರು. ಅಲ್ಲಿ ಸುರಿದು ಬರಿದಾಗಿಸಿದ್ದು ಇಲ್ಲೂ ಬರಿದಾಗಿತ್ತು. ಮುಂಜಾಗ್ರತೆಗೆಂದು ಇಟ್ಟಿದ್ದ ಬ್ಯಾಕಪ್ ನೋಡಿದರೆ, ಅದನ್ನು ಮಾಡಿಟ್ಟದ್ದು ಹೊಸ ಪ್ರೋಗ್ರಾಮು. ಅದರಲ್ಲಿ ಮೊದಲಿಂದಲೂ ಇಲ್ಲ.

"ಯಾರದು ಇದು?" ಸಾಹೇಬರು ಮೆಲ್ಲಗೆ ಕೇಳಿದರು.

"ನಮ್ಮಮ್ಮಂದು ಸರ್."

ಅವರು ಇನ್ನೊಮ್ಮೆ ತೆರೆದು ನೋಡಿದರು. ಆಮೇಲೆ ಎದ್ದು, ಹಳೆಯ ಕಂಪ್ಯೂಟರಿಗೆ "ಮುಟ್ಟಬೇಡಿ" ಎಂದು ದೊಡ್ಡದಾಗಿ ಬರೆದ ಚೀಟಿ ಅಂಟಿಸಿದರು. ಆ ವಾರವೆಲ್ಲ ಇಬ್ಬರೂ ಕೂತು, ಉಳಿದವರ ಮನೆಸದ್ದನ್ನೆಲ್ಲ ಹೊಸ ಪ್ರೋಗ್ರಾಮಿಗೆ ತಂದೆವು. ಕಾಪಿಯನ್ನು ಬದಲಿಸಿದರೆ ಮೂಲ ಅಲುಗಬಾರದು ಎಂಬ ಟೆಸ್ಟನ್ನು ಅವರೇ ಬರೆದರು. ಹಸಿರು ಬಂತು. ಕುರ್ಚಿ ತಿರುಗಲಿಲ್ಲ. ಬೀಗದ ಗೊಂಚಲು ಬಂತು, ಹೊಲಿಗೆ ಯಂತ್ರ ಬಂತು, ಬೊಗಳದ ನಾಯಿಯೂ ಬಂತು. ಅಮ್ಮನದೊಂದು ಬರಲಿಲ್ಲ.

ಭಾನುವಾರ ಸಾಹೇಬರು ನಮ್ಮ ಮನೆಗೆ ಬಂದರು, ಕೈಯಲ್ಲಿ ಯಂತ್ರ ಹೊಂದಿಸುವ ಪೆಟ್ಟಿಗೆ. ಜೊತೆಗೆ ಕಿವಿಯಣ್ಣನನ್ನೂ ಹುಡುಕಿ ಕರೆತಂದಿದ್ದರು. ಕಿವಿಯಣ್ಣನ ಎರಡೂ ಕಿವಿಯಲ್ಲಿ ಈಗ ಯಂತ್ರ.

"ಇದೇನಣ್ಣ, ನಿಮಗೂ ಬಂತಾ?" ಅಮ್ಮ ಕೇಳಿದಳು.

"ಊರವರ ಸದ್ದೆಲ್ಲ ನಾನೇ ಕೇಳಿದ್ದಲ್ವಾ ತಾಯಿ, ಸವೆದುಹೋಯ್ತು."

ನಾನು ಆಸೆಯಿಂದ, "ಅಮ್ಮನ ಅಂಕಿ ಏನಾದ್ರೂ ನೆನಪಿದೆಯಾ ಅಣ್ಣ?" ಅಂದೆ.

"ನೆನಪಿಟ್ಕೊಳ್ಳೋಕೆ ಆಗಲ್ಲ ಅಂತ ತಾನೇ ಮಗಳೇ ಕಂಪ್ಯೂಟರಿಗೆ ಹಾಕಿದ್ದು!"

ಸಾಹೇಬರು ತಲೆ ತಗ್ಗಿಸಿದರು. "ಅಮ್ಮ, ನನ್ನಿಂದ ತಪ್ಪಾಯ್ತು. ಕಾಪಿ ಅಂದುಕೊಂಡೆ."

"ಕೂತ್ಕೋ ಮಗ. ನೀನೇನು ಬೇಕಂತ ಮಾಡಿದ್ಯಾ? ಈಗ ಏನು ಮಾಡೋದು ಅದು ಹೇಳು."

ಮಾಡುವುದು ಒಂದೇ. ಮತ್ತೆ ಹೊಂದಿಸಬೇಕು. ಅದಕ್ಕೆ ಕೆಮ್ಮು ಬೇಕು. ಕೆಮ್ಮುವವನು ಗೋಡೆಯ ಮೇಲೆ ಚೌಕಟ್ಟಿನೊಳಗಿದ್ದ.

ಅಮ್ಮ ಬಾಗಿಲಿಗೆ ಬೆನ್ನು ಹಾಕಿ ಕೂತಳು. ಮೊದಲು ಸಾಹೇಬರು ಕೆಮ್ಮಿದರು. "ಇದು ನೆಗಡಿ ಕೆಮ್ಮು," ಅಂದಳು. ಕಿವಿಯಣ್ಣ ಕೆಮ್ಮಿದರು. "ನೀವು ಸಾಲ ಕೇಳೋಕೆ ಬಂದವರ ಹಾಗಿದೀರಿ." ಸಾಹೇಬರಿಗೆ ನಗು ತಡೆಯಲಾಗದೆ ನಿಜವಾದ ಕೆಮ್ಮೇ ಹತ್ತಿತು. ಅಮ್ಮನೂ ನಕ್ಕಳು. ಅಪ್ಪ ಹೋದ ಮೇಲೆ ಆ ಕೋಣೆಯಲ್ಲಿ ಅಷ್ಟು ನಗು ಆಗಿರಲಿಲ್ಲ.

ಆಗ ಕಿವಿಯಣ್ಣ ನನ್ನ ಕಡೆ ತಿರುಗಿ, "ನೀನು ಹೋಗು. ಬೀದಿ ತುದೀವರೆಗೆ. ನಡ್ಕೊಂಡು ಬಾ," ಅಂದರು.

ಹೋದೆ. ಮೂಲೆಯ ಅಂಗಡಿಯವನು ಮೆಟ್ಟಿಲು ತೊಳೆಯುತ್ತಿದ್ದ, ಸೈಕಲ್ಲೊಂದು ಗೋಡೆಗೆ ಒರಗಿತ್ತು. ಅಪ್ಪ ದಿನಾ ಇದೇ ದಾರಿಯಲ್ಲಿ ಬಣ್ಣದ ಡಬ್ಬ ಹಿಡಿದು ಬರುತ್ತಿದ್ದ. ಮೆಟ್ಟಿಲು ಹತ್ತಿ ಬಾಗಿಲ ಬಳಿ ನಿಂತೆ. ಕೆಮ್ಮಬೇಕು ಎಂದುಕೊಳ್ಳಲಿಲ್ಲ. ಗಂಟಲು ಸರಿಮಾಡಿಕೊಂಡೆ ಅಷ್ಟೇ. ಮೊದಲು ಸಣ್ಣದು, ಆಮೇಲೆ ದೊಡ್ಡದು.

ಒಳಗೆ ಕಿವಿಯಣ್ಣ ಎಳೆಎಳೆಯಾಗಿ ತಿರುಗಿಸುತ್ತಿದ್ದದ್ದು ಬಾಗಿಲ ಪಕ್ಕದ ಕಿಟಕಿಯಿಂದ ಕಾಣುತ್ತಿತ್ತು. ನಾನು ಇಳಿದು, ಹತ್ತಿ, ಮತ್ತೆ ಮಾಡಿದೆ. ಹಾಗೆ ಎಷ್ಟು ಸಲ ಆಯಿತೋ, ಕೊನೆಗೊಮ್ಮೆ ಅಮ್ಮನ ಕೈ ಮೇಲೆ ಹೋಯಿತು. ತಿರುಗಲಿಲ್ಲ. ಕೈ ಕೆಳಗಿಳಿಸಲೂ ಇಲ್ಲ.

"ಇದೇನಾ ತಾಯಿ?" ಕಿವಿಯಣ್ಣ ಕೇಳಿದರು.

"ಇದೇ."

"ಮೊದಲಿದ್ದ ಹಾಗೇನಾ?"

"ಇದೇ ಅಂದ್ನಲ್ಲ. ಬಾಗಿಲು ತೆಗೀರಿ, ಅವಳು ಹೊರಗೆ ನಿಂತಿದ್ದಾಳೆ."

ಸಾಹೇಬರು ಅಂಕಿಗಳನ್ನು ಅಮ್ಮನ ಹೆಸರಿನ ಕೆಳಗೆ ಹಾಕಿದರು. ಮಾರನೆಯ ದಿನ ಬರೆದು, ಓದಿ, ಹೋಲಿಸಿದೆ. ಕಾಪಿ ಮಾಡಿ, ಕಾಪಿಯನ್ನು ಕೆಡಿಸಿ, ಮೂಲ ನೋಡಿದೆ. ಎಲ್ಲ ಹಸಿರು. ಆದರೆ ಆ ಹಸಿರು ಹೇಳುತ್ತಿದ್ದದ್ದು, ಭಾನುವಾರದ ಅಂಕಿಗಳು ಭಾನುವಾರದ ಅಂಕಿಗಳಿಗೆ ಸಮ ಎಂದಷ್ಟೇ. ಅಪ್ಪ ನಾಚಿಕೊಂಡು ಕೆಮ್ಮಿದ ದಿನದ ಅಂಕಿಗಳು ಎಲ್ಲೂ ಇರಲಿಲ್ಲ.

ಅಮ್ಮ ಆ ಯಂತ್ರವನ್ನು ಕೊನೆಯವರೆಗೂ ಹಾಕಿಕೊಂಡಳು. ಮೇಲಿನ ಮನೆಯವನು ಗಂಟಲು ಕೆರೆದಾಗ ಬಾಗಿಲ ಕಡೆ ತಿರುಗುವುದನ್ನು ಎಷ್ಟೋ ಸಲ ಕಂಡೆ. ಸಂಜೆ ನಾನು ಮನೆಗೆ ಬರುವಾಗ ತಟ್ಟುವುದನ್ನು ಬಿಟ್ಟೆ. ಗಂಟಲು ಸರಿಮಾಡಿಕೊಂಡರೆ ಸಾಕು, ಚಿಲಕದ ಸದ್ದಾಗುತ್ತಿತ್ತು. ಒಮ್ಮೆಯಾದರೂ ನಿಜ ಕೇಳಬೇಕೆಂದು ಅನ್ನಿಸುತ್ತಿತ್ತು. ಕೇಳಿದರೆ ನನ್ನ ಮುಖ ನೋಡಿಯೇ ಉತ್ತರ ಹೇಳುತ್ತಾಳೆಂದು ಸುಮ್ಮನಾಗುತ್ತಿದ್ದೆ. ಈಗ ಕೇಳಲು ಅವಳೂ ಇಲ್ಲ.

ಆ ಭಾನುವಾರ ಅಮ್ಮ ಕೈ ಎತ್ತಿದ್ದು ಅಪ್ಪನ ಕೆಮ್ಮಿನಂಥದ್ದೇ ಕೇಳಿಸಿದ್ದಕ್ಕೋ, ಹೊರಗೆ ಹತ್ತಿ ಇಳಿದು ಸುಸ್ತಾಗಿದ್ದ ಮಗಳನ್ನು ಒಳಗೆ ಕರೆದುಕೊಳ್ಳಲೆಂದೋ, ನನಗೆ ಗೊತ್ತಿಲ್ಲ.